ತರಕಾರಿ ಚೀಲದ ಜೊತೆ ತೋಟದ ಲೆಕ್ಕವೂ

ಹೂಕೋಸಿನಲ್ಲಿ ಹುಳ ಕಂಡರೆ ಗಿರಾಕಿ ಮುಖ ಸಿಂಡರಿಸುತ್ತಾರೆ. ಒಂದೂ ಹುಳ ಕಾಣದಿದ್ದರೆ ‘ಇದು ನಿಜಕ್ಕೂ ಸಾವಯವವೇನ್ರೀ?’ ಎಂದು ಕೇಳುತ್ತಾರೆ. ಒಂದೆರಡು ಎಕರೆಯಲ್ಲಿ ತರಕಾರಿ ಬೆಳೆದು ನೇರವಾಗಿ ಮನೆಗಳಿಗೆ ಮುಟ್ಟಿಸುವವರಿಗೆ ಈ ಇಕ್ಕಟ್ಟು ದಿನನಿತ್ಯದ್ದು. ಬಹಳಷ್ಟು ಬೆಳೆಗಾರರು ಇದಕ್ಕೆ ಇಟ್ಟುಕೊಂಡಿರುವ ಉತ್ತರ ಒಂದೇ ಸಾಲಿನದು: ‘ನಾವು ಯಾವ ಕೆಮಿಕಲ್ಲೂ ಹಾಕಲ್ಲ.’

ಮಾತು ನಿಜವೇ ಇರಬಹುದು. ಆದರೆ ಅದರಿಂದ ಕೇಳಿದವರಿಗೆ ತಿಳಿಯುವುದು ಕಡಿಮೆ. ಕೋಸಿನ ಬೆಳೆಗೆ ವಜ್ರಬೆನ್ನಿನ ಪತಂಗ ಬೀಳದೆ ಇರುವುದು ಅಪರೂಪ. ಅದರ ಮರಿಹುಳುಗಳು ಎಲೆಯನ್ನು ಜರಡಿ ಮಾಡಿಬಿಡುತ್ತವೆ. ಹಾಗಿದ್ದೂ ಹೂವು ಚೆನ್ನಾಗಿ ಕಟ್ಟಿದೆ ಎಂದರೆ ತೋಟದಲ್ಲಿ ಯಾರೋ ಏನೋ ಮಾಡಿದ್ದಾರೆ. ಸಾಸಿವೆ ಸಾಲು ಹಾಕಿ ಪತಂಗವನ್ನು ಅತ್ತ ಸೆಳೆದಿರಬಹುದು. 25 ಸಾಲು ಎಲೆಕೋಸಿಗೆ ಎರಡು ಸಾಲು ಸಾಸಿವೆ ಎಂಬುದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೇಳಿಕೊಟ್ಟ ಉಪಾಯ. ಅದೇ ಸಂಸ್ಥೆ ರೂಪಿಸಿದ ಬೇವಿನ ಸೋಪನ್ನು ಕರಗಿಸಿ ಹೊಡೆದಿರಬಹುದು. ಬಿ.ಟಿ. ಬ್ಯಾಕ್ಟೀರಿಯಾದ ಪುಡಿಯನ್ನು ಸಿಂಪಡಿಸಿರಬಹುದು. ಇದರಲ್ಲಿ ಯಾವುದನ್ನು, ಯಾವಾಗ ಮಾಡಿದರು ಎಂದು ಹೇಳಿದಾಗ ಗಿರಾಕಿಗೆ ಹಿಡಿದು ಕೇಳಲು ಒಂದು ಎಳೆ ಸಿಗುತ್ತದೆ. ಸಣ್ಣ ಸಾವಯವ ತೋಟದ ಪಾರದರ್ಶಕತೆ ಎಂದರೆ ಇಷ್ಟೇ: ಮಾಡಿದ್ದನ್ನು ಬರೆದಿಡುವುದು, ಬರೆದದ್ದನ್ನು ತೋರಿಸುವುದು, ತೋರಿಸಿದ ಮೇಲೆ ಬರುವ ಪ್ರಶ್ನೆಗೆ ತಯಾರಿರುವುದು. ಕೇಳಲು ಸುಲಭ. ಮಾಡಹೊರಟಾಗ ಎಡವುವ ಜಾಗಗಳು ಮಾತ್ರ ಹಲವು.

ಮುದ್ರೆ ಇದ್ದರೆ ಸಾಲದೆ?

ಸಾವಯವ ಎಂಬ ಹೆಸರಿನಲ್ಲಿ ಆಹಾರ ಮಾರಲು ದೇಶದಲ್ಲಿ 2017ರ ನಿಯಮಾವಳಿಯಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಹೊರಡಿಸಿದ ಈ ನಿಯಮದ ಪ್ರಕಾರ ಪ್ರಮಾಣಪತ್ರಕ್ಕೆ ಎರಡು ದಾರಿ. ಒಂದು, ವಾಣಿಜ್ಯ ಸಚಿವಾಲಯದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ, ಅಂದರೆ ಎನ್‌ಪಿಒಪಿ. ಇದರಲ್ಲಿ ಹೊರಗಿನ ಸಂಸ್ಥೆಯ ತನಿಖಾಧಿಕಾರಿ ಬಂದು ನೋಡುತ್ತಾರೆ. ರಫ್ತಿಗೂ ಇದು ಬೇಕು. ಇನ್ನೊಂದು, ಕೃಷಿ ಸಚಿವಾಲಯದ ಪಿಜಿಎಸ್-ಇಂಡಿಯಾ. ಇಲ್ಲಿ ಅಕ್ಕಪಕ್ಕದ ಕನಿಷ್ಠ ಐವರು ರೈತರು ಗುಂಪು ಕಟ್ಟಿಕೊಂಡು, ಪ್ರತಿಜ್ಞೆ ಮಾಡಿ, ಒಬ್ಬರ ಜಮೀನನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಪರಿವರ್ತನೆಯ ಹಂತದಲ್ಲಿ ‘ಪಿಜಿಎಸ್ ಗ್ರೀನ್’, ಅವಧಿ ಮುಗಿದ ಮೇಲೆ ‘ಪಿಜಿಎಸ್ ಆರ್ಗ್ಯಾನಿಕ್’.

ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು ಮೀರದ ಸಣ್ಣ ಬೆಳೆಗಾರರು ತಾವು ಬೆಳೆದದ್ದನ್ನು ತಿನ್ನುವವರಿಗೇ ನೇರವಾಗಿ ಮಾರುವುದಾದರೆ ಪ್ರಮಾಣಪತ್ರದ ಕಡ್ಡಾಯವಿಲ್ಲ. ಆದರೆ ‘ಜೈವಿಕ್ ಭಾರತ್’ ಎಂಬ ಸಾವಯವ ಚಿಹ್ನೆಯನ್ನು ಚೀಲದ ಮೇಲೆ ಅಚ್ಚು ಹಾಕುವಂತಿಲ್ಲ. ವಾರದ ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವವರು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ತರಕಾರಿ ಕಳಿಸುವವರು ಬಹುತೇಕ ಈ ವಿನಾಯಿತಿಯ ಒಳಗೇ ಬರುತ್ತಾರೆ. ಮುದ್ರೆ ಇಲ್ಲದ ಇವರಿಗೆ ಲೆಕ್ಕದ ಪುಸ್ತಕವೇ ಸಾಕ್ಷಿ.

ಲ್ಯಾಬಿನ ವರದಿ ಇದ್ದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. ಪ್ರಯೋಗಾಲಯದ ಪರೀಕ್ಷೆ ಕೀಟನಾಶಕದ ಉಳಿಕೆಯನ್ನು ಹಿಡಿಯಬಲ್ಲದು, ಅದೂ ಕಳಿಸಿದ ಮಾದರಿಯಲ್ಲಿ, ಆ ದಿನದ್ದನ್ನು ಮಾತ್ರ. ಬುಡಕ್ಕೆ ಯೂರಿಯಾ ಹಾಕಿದ್ದಾರೆಯೇ ಎಂಬುದನ್ನು ಅಂಥ ವರದಿ ಹೇಳುವುದಿಲ್ಲ. ಮಣ್ಣಿಗೆ ಏನು ಹೋಯಿತು ಎಂಬುದಕ್ಕೆ ಗೊಬ್ಬರದ ಅಂಗಡಿಯ ಬಿಲ್ಲು, ತೋಟದ ದಿನಚರಿ, ಊರಿನವರ ಕಣ್ಣು ಈ ಮೂರನ್ನೇ ನಂಬಬೇಕು. ಪಿಜಿಎಸ್ ನಿಂತಿರುವುದೂ ಮೂರನೆಯದರ ಮೇಲೆ. ಸಂಜೆ ಯಾರ ಹೊಲದಿಂದ ಔಷಧಿಯ ವಾಸನೆ ಬಂತು ಎನ್ನುವುದು ಹಳ್ಳಿಯಲ್ಲಿ ಗುಟ್ಟಾಗಿ ಉಳಿಯುವುದಿಲ್ಲ.

ಬಾಗಿಲು ತೆರೆದಿಟ್ಟವರು

ಕಾಗದಕ್ಕಿಂತ ಮೊದಲು ಮುಖಾಮುಖಿಯೇ ಇತ್ತು. ಕೀಟನಾಶಕಗಳ ಬಗ್ಗೆ ದಿಗಿಲುಬಿದ್ದ ಜಪಾನಿನ ಗೃಹಿಣಿಯರು 1970ರ ದಶಕದಲ್ಲಿ ರೈತರ ಜೊತೆ ನೇರ ಒಪ್ಪಂದಕ್ಕೆ ಇಳಿದರು. ‘ತೇಕೆ’ ಎಂಬ ಆ ಪದ್ಧತಿಗೆ 1971ರಲ್ಲಿ ಹುಟ್ಟಿದ ಜಪಾನ್ ಸಾವಯವ ಕೃಷಿ ಸಂಘ 1978ರಲ್ಲಿ ಹತ್ತು ಸೂತ್ರಗಳನ್ನು ಬರೆಯಿತು. ಏನು ಬೆಳೆಯಬೇಕು, ಎಷ್ಟಕ್ಕೆ ಕೊಡಬೇಕು ಎಂಬುದನ್ನು ಎರಡೂ ಕಡೆಯವರು ಕೂತು ಮಾತಾಡಿ ನಿರ್ಧರಿಸುವುದು, ಬೆಳೆದದ್ದನ್ನೆಲ್ಲ ಕೊಳ್ಳುವುದು ಅದರಲ್ಲಿ ಸೇರಿದ್ದವು. ಹೊಲಕ್ಕೆ ಹೋಗಿ ಕಳೆ ಕಿತ್ತವರಿಗೆ ಪ್ರಮಾಣಪತ್ರದ ಅಗತ್ಯ ಕಾಣಲಿಲ್ಲ. 1986ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ಎರಡು ತೋಟಗಳು ಇದೇ ಬಗೆಯಲ್ಲಿ, ಗಿರಾಕಿಗಳು ಹಂಗಾಮಿಗೆ ಮೊದಲೇ ಹಣ ಕೊಡುವ ಪಾಲುದಾರಿಕೆ ಶುರುಮಾಡಿದವು.

ಕರ್ನಾಟಕಕ್ಕೂ ತನ್ನದೇ ಪರಂಪರೆಯಿದೆ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿ ತಮ್ಮ ಜಮೀನನ್ನೇ ಪಾಠಶಾಲೆ ಮಾಡಿಕೊಂಡಿದ್ದರು. 2019ರಲ್ಲಿ ತೀರಿಕೊಳ್ಳುವವರೆಗೂ ಬಂದವರಿಗೆ ಗೊಬ್ಬರ, ಮುಚ್ಚಿಗೆ, ಮರಗಳ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಬಿಡಿಸಿ ಹೇಳಿದರು. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಇನ್ನೊಂದು ಬಗೆಯಲ್ಲಿ ಬೇಲಿ ತೆಗೆಯಿತು: ಪತ್ರಕರ್ತ ಶ್ರೀ ಪಡ್ರೆಯವರ ಒತ್ತಾಸೆಯಲ್ಲಿ ಕೃಷಿಕರ ಕೈಗೇ ಲೇಖನಿ ಕೊಟ್ಟಿತು, ಅವರು ತಾವು ಮಾಡಿದ್ದನ್ನು ತಾವೇ ಬರೆದರು. ತೋಟದ ಗುಟ್ಟು ಬಿಟ್ಟುಕೊಟ್ಟರೆ ನಷ್ಟ ಎಂಬ ಭಯ ಕನ್ನಡ ನಾಡಿನ ಕೃಷಿಕರಲ್ಲಿ ಅಷ್ಟೇನೂ ಇಲ್ಲ ಎನ್ನಲು ಈ ಎರಡು ಸಾಕು.

ಏನನ್ನು ಹೇಳಬೇಕು?

ಹೇಳಲು ಹಿತವಾದದ್ದನ್ನು ಎಲ್ಲರೂ ಹೇಳುತ್ತಾರೆ. ಜೀವಾಮೃತದ ಡ್ರಮ್ಮು, ನಾಟಿ ಹಸು, ಎರೆಹುಳುವಿನ ತೊಟ್ಟಿ ಫೋಟೊಗಳಲ್ಲಿ ಚೆನ್ನಾಗಿ ಕಾಣುತ್ತವೆ. ಗಿರಾಕಿಗೆ ನಿಜವಾಗಿ ಬೇಕಾದದ್ದು ಫೋಟೊದಿಂದ ಹೊರಗುಳಿದ ಸಂಗತಿ.

ಬೀಜದಿಂದಲೇ ಶುರುಮಾಡಬಹುದು. ಅಂಗಡಿಯ ಪೊಟ್ಟಣದ ಬೀಜ ಗುಲಾಬಿಯೋ ನೀಲಿಯೋ ಬಣ್ಣದಲ್ಲಿದ್ದರೆ ಅದಕ್ಕೆ ಥೈರಮ್‌ನಂಥ ಶಿಲೀಂಧ್ರನಾಶಕ ಲೇಪಿಸಿರುವ ಸಾಧ್ಯತೆ ಹೆಚ್ಚು. ಸಾವಯವ ಬೀಜ ಸಿಗದಿದ್ದಾಗ ಉಪಚಾರ ಮಾಡದ ಬೀಜವನ್ನು ಹುಡುಕಬೇಕು. ಅದೂ ಸಿಗದೆ ಲೇಪನದ ಬೀಜವನ್ನೇ ತೊಳೆದು ಹಾಕಿದ್ದರೆ ಹಾಗೆಂದೇ ಹೇಳಬೇಕು. ಹೈಬ್ರಿಡ್ ಎಂದೊಡನೆ ಕುಲಾಂತರಿ ಎಂದು ಗಾಬರಿಬೀಳುವ ಗಿರಾಕಿಗಳಿದ್ದಾರೆ. ಎಲೆ ಸುರುಳಿ ನಂಜುರೋಗ, ಸೊರಗು ರೋಗಗಳನ್ನು ತಡೆದುಕೊಳ್ಳುವ ‘ಅರ್ಕಾ ರಕ್ಷಕ್’ ಟೊಮೆಟೊ ಹೈಬ್ರಿಡ್ ಹೌದು, ಕುಲಾಂತರಿ ಅಲ್ಲ. 2010ರಲ್ಲಿ ಬಿಟಿ ಬದನೆಗೆ ಕೇಂದ್ರ ಸರ್ಕಾರ ತಡೆಹಾಕಿತು. ಯಾವ ಕುಲಾಂತರಿ ತರಕಾರಿಯನ್ನೂ ಬೆಳೆದು ಮಾರಲು ದೇಶದಲ್ಲಿ ಅನುಮತಿ ಸಿಕ್ಕಿಲ್ಲ. ಇದನ್ನು ಒಮ್ಮೆ ಬಿಡಿಸಿ ಬರೆದರೆ ನೂರು ಪ್ರಶ್ನೆ ತಪ್ಪುತ್ತದೆ. ಬಿ.ಟಿ. ಪುಡಿ ಸಿಂಪಡಿಸುವವರು ಅದು ಮಣ್ಣಿನಲ್ಲಿ ಸಿಗುವ ಬ್ಯಾಕ್ಟೀರಿಯಾ, ಸಾವಯವ ನಿಯಮಗಳು ಒಪ್ಪಿದ್ದು ಎಂದೂ ಸೇರಿಸಲಿ. ಇಲ್ಲವಾದರೆ ಹೆಸರು ಕೇಳಿಯೇ ಗಿರಾಕಿ ಓಡಿಹೋದಾರು!

ಸಸಿಗಳ ವಿಷಯ ಇನ್ನೂ ಸೂಕ್ಷ್ಮ. ಟೊಮೆಟೊ, ಮೆಣಸಿನಕಾಯಿ, ಕೋಸಿನ ಸಸಿಯನ್ನು ಟ್ರೇ ಲೆಕ್ಕದಲ್ಲಿ ನರ್ಸರಿಯಿಂದ ತರುವುದು ಈಗ ಮಾಮೂಲು. ಬಿಳಿನೊಣ ತರುವ ನಂಜುರೋಗಕ್ಕೆ ಹೆದರಿ ಇಮಿಡಾಕ್ಲೊಪ್ರಿಡ್‌ನಂಥ, ಗಿಡದ ಒಳಗೆಲ್ಲ ಹರಿದಾಡುವ ಕೀಟನಾಶಕವನ್ನು ಸಸಿಗೆ ಕೊಡುವ ನರ್ಸರಿಗಳುಂಟು. ತೋಟಕ್ಕೆ ಬಂದ ಮೇಲೆ ಏನೂ ಹೊಡೆಯದಿದ್ದರೂ ಬೆಳೆಯ ಮೊದಲ ಇಪ್ಪತ್ತೈದು ಮೂವತ್ತು ದಿನ ಬೇರೆಯವರ ಕೈಯಲ್ಲಿ ಕಳೆದಿರುತ್ತದೆ. ಸ್ವಂತ ಸಸಿಮಡಿ ಇಲ್ಲದವರು ‘ಸಸಿ ಹೊರಗಿನದು’ ಎಂಬ ಎರಡು ಪದ ಬರೆದರೂ ಆಯಿತು.

ಗೊಬ್ಬರಕ್ಕೆ ಕೊಟ್ಟಿಗೆ ಸಾಲದಾದಾಗ ಲೋಡುಗಟ್ಟಲೆ ಕೋಳಿಗೊಬ್ಬರ ಬರುತ್ತದೆ. ದೊಡ್ಡ ಕೋಳಿ ಫಾರಂಗಳಿಂದ ಬಂದದ್ದಾದರೆ ಔಷಧಿಗಳ ಉಳಿಕೆಯ ಪ್ರಶ್ನೆ ಏಳುತ್ತದೆ. ಪೇಟೆಯ ಕಸದ ಕಾಂಪೋಸ್ಟಿಗೆ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳ ಮಿತಿಯನ್ನು ರಸಗೊಬ್ಬರ ನಿಯಂತ್ರಣ ಆದೇಶದಲ್ಲೇ ಹೇಳಿದೆ. ಕೊಳ್ಳುವಾಗ ಪರೀಕ್ಷಾ ವರದಿ ಕೇಳಿ ಪಡೆದು, ಅದರ ಪ್ರತಿಯನ್ನು ಗಿರಾಕಿಗೂ ತೋರಿಸಬಹುದು.

ಹಸಿ ಸಗಣಿಯ ಬಗ್ಗೆ ಮಾತಾಡಲು ಮಾತ್ರ ಸಾವಯವ ವಲಯಕ್ಕೇ ಸಂಕೋಚ. ಎಕರೆಗೆ 200 ಲೀಟರ್ ನೀರಿಗೆ 10 ಕಿಲೊ ಸಗಣಿ, ಗಂಜಲ, ಎರಡು ಕಿಲೊ ಬೆಲ್ಲ, ಎರಡು ಕಿಲೊ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಹಾಕಿ ಮಾಡುವ ಜೀವಾಮೃತವನ್ನು ಬುಡಕ್ಕೆ ಕೊಡುವುದು ಒಂದು, ನಾಳೆ ಕೊಯ್ಯುವ ಕೊತ್ತಂಬರಿ ಸೊಪ್ಪಿನ ಮೇಲೆ ಎರಚುವುದು ಇನ್ನೊಂದು. ಸಗಣಿಯಲ್ಲಿ ರೋಗಾಣುಗಳು ಇರಬಲ್ಲವು, ಕೊತ್ತಂಬರಿಯನ್ನು ಹಸಿಯಾಗಿ ತಿನ್ನುತ್ತೇವೆ. ಅಮೆರಿಕದ ಸಾವಯವ ನಿಯಮದ ಪ್ರಕಾರ ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಹಾಕಿ 120 ದಿನ, ಮಣ್ಣಿಗೆ ತಾಗದ್ದಾದರೆ 90 ದಿನ ಕಳೆಯದೆ ಕೊಯ್ಯುವಂತಿಲ್ಲ. ನಮ್ಮ ಮೂವತ್ತು ದಿನದ ಸೊಪ್ಪಿಗೆ ಆ ಲೆಕ್ಕ ಹೊಂದುವುದಿಲ್ಲ. ಹಾಗಾಗಿ ಚೆನ್ನಾಗಿ ಕಳಿತ ಗೊಬ್ಬರ ಮಾತ್ರ ಬಳಸುವುದು, ಸಗಣಿಯ ದ್ರಾವಣವನ್ನು ಎಲೆಗೆ ಹೊಡೆಯದಿರುವುದು, ಕೊನೆಯ ಸಲ ಕೊಟ್ಟ ದಿನಾಂಕ ಬರೆಯುವುದು, ‘ತೊಳೆದು ಬಳಸಿ’ ಎಂದು ಸಂಕೋಚವಿಲ್ಲದೆ ಹೇಳುವುದು ಒಳ್ಳೆಯದು.

ನೀರಿನ ಮೂಲವನ್ನು ಬಹಳ ಜನ ಬರೆಯುವುದೇ ಇಲ್ಲ. ಬೆಂಗಳೂರಿನ ಸುತ್ತಮುತ್ತ ಗಿರಾಕಿಗಳು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ನಗರದ ಕೊಳಚೆ ಹೊತ್ತ ವೃಷಭಾವತಿ ಹೊಳೆಯ ನೀರಲ್ಲಿ ಬೆಳೆದ ಸೊಪ್ಪಿನ ಸುದ್ದಿ ಓದದವರು ಕಡಿಮೆ. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಯುತ್ತಿದೆ. ಅಂತರ್ಜಲ ತುಂಬುವುದು ಅದರ ಉದ್ದೇಶ. ಆ ಭಾಗದ ಬೆಳೆಗಾರರು ಬೋರ್‌ವೆಲ್ ನೀರಿನ ಪರೀಕ್ಷೆ ಮಾಡಿಸಿ ವರದಿಯನ್ನು ಮುಂದಿಟ್ಟರೆ ಅನುಮಾನ ಬೆಳೆಯಲು ಎಡೆ ಇರುವುದಿಲ್ಲ.

ಇನ್ನು ಸಿಂಪರಣೆ. ಬೇವಿನ ಎಣ್ಣೆ, ಶೇ 5ರ ಬೇವಿನ ಬೀಜದ ಕಷಾಯ, ಹುಳಿ ಮಜ್ಜಿಗೆ, ಟ್ರೈಕೋಡರ್ಮಾ, ಸ್ಯೂಡೊಮೊನಾಸ್ ಹೇಳಲು ಯಾರಿಗೂ ಅಳುಕಿಲ್ಲ. ಅಳುಕು ಬರುವುದು ಬೋರ್ಡೋ ದ್ರಾವಣದ ಹತ್ತಿರ. ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಇದನ್ನು ಸಾವಯವ ನಿಯಮಗಳು ಮಿತಿ ಹಾಕಿ ಒಪ್ಪುತ್ತವೆ. ತಾಮ್ರ ಮಣ್ಣಿನಲ್ಲಿ ಉಳಿದು ಸೇರುತ್ತಾ ಹೋಗುವುದರಿಂದ ಯುರೋಪಿನ ಒಕ್ಕೂಟ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೊ ಎಂದು ಗೆರೆ ಎಳೆದಿದೆ. ‘ಟೊಮೆಟೊಗೆ ಅಂಗಮಾರಿ ಬಂತು, ಬೋರ್ಡೋ ಹೊಡೆದೆವು, ಇಂಥ ದಿನ, ಇಷ್ಟು’ ಎಂದು ಹೇಳಿದರೆ ಕೆಲವರು ಹುಬ್ಬೇರಿಸಬಹುದು. ಹೇಳದೆ ಇದ್ದು ಬೇರೆಯವರಿಂದ ಗೊತ್ತಾದರೆ ಎಲ್ಲರೂ ಹೋಗುತ್ತಾರೆ. ಸತು, ಬೋರಾನ್ ಇರುವ ‘ವೆಜಿಟಬಲ್ ಸ್ಪೆಷಲ್’ನಂಥ ಲಘುಪೋಷಕಾಂಶಗಳ ಮಿಶ್ರಣವನ್ನೂ ಇದೇ ಪಟ್ಟಿಗೆ ಸೇರಿಸಬೇಕು, ಕೊರತೆಯಿದೆ ಎಂದು ಮಣ್ಣಿನ ಪರೀಕ್ಷೆ ತೋರಿಸಿದೆಯೇ ಎಂಬುದು ಅಲ್ಲಿ ಮುಖ್ಯ.

ಬೆಳೆಗಾರರೇ ಮೋಸಹೋಗುವ ಜಾಗವೂ ಇದೆ. ‘ಬಯೋ’ ಎಂದು ಬರೆದ, ತಯಾರಕರ ವಿಳಾಸವೂ ಸರಿಯಾಗಿಲ್ಲದ ಬಾಟಲಿಗಳನ್ನು ಅಂಗಡಿಯವರು ‘ಒಂದೇ ಸ್ಪ್ರೇಗೆ ಹುಳ ಮಾಯ’ ಎಂದು ಕೊಡುತ್ತಾರೆ. ಹಾಗೆ ಮಾಯವಾದರೆ ಒಳಗೇನಿದೆ ಎಂದು ಅನುಮಾನಪಡಬೇಕು. ಬೇವು, ಬಿ.ಟಿ. ಆಧಾರಿತ ಕೀಟನಾಶಕಗಳಿಗೂ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು. ಲೇಬಲ್ಲಿನಲ್ಲಿ ನೋಂದಣಿ ಸಂಖ್ಯೆ ಇಲ್ಲದ ಬಾಟಲಿ ಮನೆಗೆ ಬೇಡ. ಬಳಸಿದ್ದರ ಲೇಬಲ್ಲನ್ನು ಕಿತ್ತು ದಿನಚರಿಗೆ ಅಂಟಿಸಿಟ್ಟರೆ ಬೇರೆ ವಿವರಣೆಯೇ ಬೇಡ. ಹಾಗೆಯೇ ಪಕ್ಕದವರ ಸ್ಪ್ರೇ ಪಂಪನ್ನು ಎರವಲು ತರುವ ಅಭ್ಯಾಸ. ಅವರು ನಿನ್ನೆ ಅದರಲ್ಲಿ ಕಳೆನಾಶಕ ತುಂಬಿದ್ದರೆ ಇಂದಿನ ಬೇವಿನ ಕಷಾಯಕ್ಕೂ ಅದು ಬೆರೆಯುತ್ತದೆ. ಪಂಪು ಸ್ವಂತದ್ದು ಎಂಬುದೂ ಗಿರಾಕಿಗೆ ಹೇಳಬೇಕಾದ ಸಂಗತಿ.

ನೆರೆಯ ಹೊಲ ಯಾರ ಕೈಯಲ್ಲೂ ಇಲ್ಲ. ಗಾಳಿಯಲ್ಲಿ ತೇಲಿಬಂದ 2,4-ಡಿ ಕಳೆನಾಶಕಕ್ಕೆ ಟೊಮೆಟೊ ಎಲೆ ಮುರುಟಿಕೊಳ್ಳುತ್ತದೆ. ಬದುವಿನಲ್ಲಿ ಗೊಬ್ಬರದ ಗಿಡ, ನುಗ್ಗೆ, ಅಗಸೆಯ ಸಾಲು ಬೆಳೆಸಿದ್ದು ಎಷ್ಟು ಅಗಲ, ಪಕ್ಕದಲ್ಲಿ ಯಾವ ಬೆಳೆಯಿದೆ, ಬದುವಿಗೆ ಅಂಟಿದ ಸಾಲಿನ ತರಕಾರಿಯನ್ನು ಎಲ್ಲಿಗೆ ಕಳಿಸುತ್ತಾರೆ ಎಂದು ಒಂದು ಕೈನಕ್ಷೆಯಲ್ಲೇ ತೋರಿಸಬಹುದು. ಜಮೀನಿನ ಒಂದು ಭಾಗ ಇನ್ನೂ ರಾಸಾಯನಿಕದಲ್ಲೇ ಇದ್ದರೆ ಅದನ್ನೂ ಅದೇ ನಕ್ಷೆಯಲ್ಲಿ ಗುರುತಿಸಬೇಕು.

ಹೊರಗಿನಿಂದ ತಂದ ಕ್ಯಾರೆಟ್

ನಂಬಿಕೆ ಒಡೆಯುವುದು ಹೆಚ್ಚಾಗಿ ಸಿಂಪರಣೆಯಿಂದಲ್ಲ, ಬುಟ್ಟಿ ತುಂಬಿಸುವ ಆತುರದಿಂದ. ವಾರಕ್ಕೊಂದು ಚೀಲ, ಹತ್ತು ಬಗೆ ತರಕಾರಿ ಎಂದು ಮಾತು ಕೊಟ್ಟಾಗಿದೆ; ತೋಟದಲ್ಲಿ ಆರೇ ಬಗೆ ಇವೆ. ಕ್ಯಾರೆಟ್, ಆಲೂಗಡ್ಡೆ, ಬೀನ್ಸ್ ಎಲ್ಲಿಂದಲೋ ಬಂದು ಸೇರುತ್ತವೆ. ಪಕ್ಕದ ಸಾವಯವ ರೈತರಿಂದ ತಂದಿದ್ದರೆ ಅದರಲ್ಲಿ ತಪ್ಪೇನಿಲ್ಲ, ಆದರೆ ಚೀಟಿಯಲ್ಲಿ ‘ನಮ್ಮ ತೋಟದ್ದು’, ‘ಇಂಥ ಊರಿನ ಗುಂಪಿನದು’ ಎಂದು ಬೇರೆಬೇರೆ ಬರೆಯಬೇಕು. ಮಾರ್ಕೆಟ್ಟಿನದನ್ನು ಬೆರೆಸಿದವರಿಗೆ ಯಾವ ದಿನಚರಿಯೂ ರಕ್ಷಣೆ ಕೊಡದು. ಆರೇ ಬಗೆ ಕೊಟ್ಟು, ‘ಈ ವಾರ ಇಷ್ಟೇ, ಮಳೆಗೆ ಬೀನ್ಸ್ ಹೂವು ಉದುರಿತು’ ಎಂದವರ ಗಿರಾಕಿಗಳು ಗೊಣಗಿಯಾದರೂ ಉಳಿಯುತ್ತಾರೆ.

ವಾರದ ಚೀಟಿ ಉದ್ದವಿರಬೇಕಿಲ್ಲ. ಮಾದರಿಗೆ ಹೀಗಿರಬಹುದು:

‘ಬೆಂಡೆ: ಅರ್ಕಾ ಅನಾಮಿಕಾ, ಬೀಜ ನಮ್ಮದೇ. ಗೊಬ್ಬರ: ಸ್ವಂತ ತಿಪ್ಪೆಯದು, ಬೇವಿನ ಹಿಂಡಿ ಅಂಗಡಿಯದು. ಸಿಂಪರಣೆ: ಸಸ್ಯಹೇನಿಗೆ ಬೇವಿನ ಸೋಪು, ಕೊಯ್ಲಿಗೆ ಆರು ದಿನ ಮೊದಲು. ಹೀರೆ: ಹಣ್ಣು ನೊಣಕ್ಕೆ ಮೋಹಕ ಬಲೆ ಕಟ್ಟಿದೆ, ಆದರೂ ಕೆಲವು ಕಾಯಿ ಸೊಟ್ಟ. ಟೊಮೆಟೊ: ಸಸಿ ನರ್ಸರಿಯದು. ಆಲೂಗಡ್ಡೆ: ನಮ್ಮದಲ್ಲ, ಗುಂಪಿನ ಇನ್ನೊಬ್ಬ ರೈತರದು.’

ಇಷ್ಟು ಬರೆಯಲು ಹತ್ತು ನಿಮಿಷ ಸಾಕು, ದಿನಚರಿ ಅಂದಂದೇ ಬರೆದಿದ್ದರೆ. ವಾರದ ಕೊನೆಗೆ ನೆನಪಿಸಿಕೊಂಡು ಬರೆಯುವ ದಿನಚರಿ ಅರ್ಧ ಕಥೆಯಾಗುತ್ತದೆ. ಪಂಪ್‌ಹೌಸಿನ ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಿ, ಕೆಲಸ ಮಾಡಿದವರೇ ಆ ದಿನದ ಚೌಕದಲ್ಲಿ ಎರಡು ಪದ ಗೀಚುವಂತೆ ಮಾಡುವುದು ಹೆಚ್ಚು ಬಾಳುವ ವ್ಯವಸ್ಥೆ. ಸಿಂಪಡಿಸುವವರು ಬೇರೆ, ಬರೆಯುವವರು ಬೇರೆ ಆದ ಕಡೆ ಲೆಕ್ಕ ತಪ್ಪುವುದೇ ಹೆಚ್ಚು.

ಕೈಮೀರಿ ಒಮ್ಮೆ ರಾಸಾಯನಿಕವನ್ನೇ ಹೊಡೆಯಬೇಕಾಗಿ ಬಂದರೆ? ಸಾಲ ಮಾಡಿ ಹಾಕಿದ ಬೆಳೆ ಕಣ್ಣೆದುರು ಹೋಗುವಾಗ ಇಂಥ ಪರಿಸ್ಥಿತಿ ಬರುವುದಿಲ್ಲ ಎನ್ನುವುದು ದೂರ ಕೂತವರ ಮಾತು. ಆ ತುಂಡಿನ ಬೆಳೆಯನ್ನು ಸಾವಯವದ ಚೀಲದಿಂದ ಹೊರಗಿಟ್ಟು ಮಾರ್ಕೆಟ್ಟಿಗೆ ಕಳಿಸಬೇಕು, ಗಿರಾಕಿಗಳಿಗೆ ತಿಳಿಸಬೇಕು, ಆ ತುಂಡಿನ ಪರಿವರ್ತನೆಯ ಲೆಕ್ಕವನ್ನು ಮೊದಲಿನಿಂದ ಶುರುಮಾಡಬೇಕು. ಎನ್‌ಪಿಒಪಿ ಲೆಕ್ಕದಲ್ಲಿ ಹಂಗಾಮಿನ ಬೆಳೆಗೆ ಆ ಅವಧಿ ಎರಡು ವರ್ಷ.

ಬೆಲೆಯ ಲೆಕ್ಕವನ್ನೂ ತೆರೆದಿಡುವವರಿದ್ದಾರೆ, ಅದು ಒಳ್ಳೆಯದೇ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೊ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಅದೇ ಟೊಮೆಟೊವನ್ನು ರಸ್ತೆ ಬದಿಗೆ ಸುರಿದದ್ದೂ ಉಂಟು. ಹಂಗಾಮಿಡೀ ಒಂದೇ ದರ ಇಟ್ಟುಕೊಂಡವರು ಕೂಲಿ, ಗೊಬ್ಬರ, ಸಾಗಾಟ ಎಷ್ಟು ಎಂದು ಮೊದಲೇ ಹೇಳಿದ್ದರೆ ಎರಡೂ ಕಾಲದಲ್ಲಿ ಚೌಕಾಸಿ ತಪ್ಪುತ್ತದೆ.

ಗಿರಾಕಿ ತೋಟಕ್ಕೆ ಬಂದಾಗ

ತಿಂಗಳಿಗೊಂದು ಭಾನುವಾರ ತೋಟ ನೋಡಲು ಕರೆಯುವುದು ಒಳ್ಳೆಯ ಕ್ರಮ. ಹಸುವಿನ ಜೊತೆ ಫೋಟೊ ತೆಗೆದುಕೊಂಡು ಜೋಳದ ರೊಟ್ಟಿ ಉಂಡು ಹೋದರೆ ಅದು ಪಿಕ್‌ನಿಕ್ಕು, ಅದೂ ಬೇಕು ಅನ್ನಿ. ನೋಡಲೇಬೇಕಾದದ್ದು ಗೊಬ್ಬರದ ಗುಂಡಿ, ಸಸಿಮಡಿ, ಪಂಪ್‌ಹೌಸಿನ ಮೂಲೆಯ ಖಾಲಿ ಬಾಟಲಿಗಳು, ರೋಗ ಬಿದ್ದ ಸಾಲು. ಬೆಳೆಗಾರರು ತಾವಾಗಿಯೇ ಈ ನಾಲ್ಕನ್ನು ತೋರಿಸಿದರೆ ಉಳಿದದ್ದನ್ನು ಗಿರಾಕಿ ಕಣ್ಣು ಮುಚ್ಚಿ ಒಪ್ಪುತ್ತಾರೆ.

ಕೇಳುವವರಿಗೂ ಒಂದು ಮಾತು. ‘ಔಷಧಿ ಹೊಡೀತೀರಾ?’ ಎಂದರೆ ‘ಇಲ್ಲ’ ಎಂಬ ಉತ್ತರ ತಯಾರಿರುತ್ತದೆ. ‘ಬದನೆಗೆ ಕಾಯಿಕೊರಕ ಬಂದಾಗ ಏನು ಮಾಡಿದಿರಿ?’ ಎಂದು ಕೇಳಿದರೆ ಮಾಡಿದವರು ಹತ್ತು ನಿಮಿಷ ಮಾತಾಡುತ್ತಾರೆ: ಬಾಡಿದ ಕುಡಿ ಚಿವುಟಿದ್ದು, ಬಲೆ ಕಟ್ಟಿದ್ದು, ಬೇವಿನ ಹಿಂಡಿ ಕೊಟ್ಟಿದ್ದು, ಆದರೂ ಒಂದಷ್ಟು ಕಾಯಿ ಹೋದದ್ದು. ಏನೂ ಮಾಡದವರ ಬಳಿ ಹೇಳಲು ಏನೂ ಇರುವುದಿಲ್ಲ. ಕೇಳಿದ ಮೇಲೆ ಉತ್ತರವನ್ನು ತಾಳಿಕೊಳ್ಳುವ ಗುಣವೂ ಬೇಕು. ಬೋರ್ಡೋ ಎಂದೊಡನೆ ಚೀಲ ವಾಪಸು ಮಾಡುವ ಗಿರಾಕಿಯೇ ಬೆಳೆಗಾರರಿಗೆ ಮುಚ್ಚಿಡುವುದನ್ನು ಕಲಿಸುತ್ತಾರೆ.

ಹೊಸದಾಗಿ ಶುರುಮಾಡುವವರು ಇಡೀ ತೋಟದ ಲೆಕ್ಕಕ್ಕೆ ಒಮ್ಮೆಲೇ ಕೈಹಾಕಬೇಕಿಲ್ಲ. ಮೊದಲು ದಂಟೋ ಮೆಂತ್ಯವೋ ಒಂದು ಸೊಪ್ಪನ್ನು ಆರಿಸಿಕೊಳ್ಳಲಿ. ಬಿತ್ತಿದ ತಿಂಗಳೊಳಗೆ ಕೊಯ್ಲಿಗೆ ಬರುವುದರಿಂದ ಬೀಜದಿಂದ ಕಟ್ಟಿನವರೆಗಿನ ಎಲ್ಲವೂ ಒಂದೇ ಹಾಳೆಯಲ್ಲಿ ಹಿಡಿಯುತ್ತದೆ. ಆ ಹಾಳೆಯ ಫೋಟೊವನ್ನೇ ಸೊಪ್ಪಿನ ಜೊತೆ ಕಳಿಸಿ, ಯಾವ ಪ್ರಶ್ನೆಗಳು ಬರುತ್ತವೆ ನೋಡಿ, ಬಿಟ್ಟುಹೋದದ್ದನ್ನು ಮುಂದಿನ ಮಡಿಯ ಹಾಳೆಗೆ ಸೇರಿಸಬಹುದು. ನಾಲ್ಕೈದು ತಿಂಗಳು ನಿಲ್ಲುವ, ರೋಗವೂ ಹುಳವೂ ತಪ್ಪದೆ ಬರುವ ಟೊಮೆಟೊದ ಲೆಕ್ಕ ಆಮೇಲೆ ಬರಲಿ.